ಕ್ರೈಸ್ತ ಜೀವನದಲ್ಲಿ ಕ್ಷಮೆಯ ಸ್ಥಾನ

ಉಪವಾಸವು ಯಾವ ಧರ್ಮದಲ್ಲಿಯೇ ಇರಲಿ, ಅನ್ನವನ್ನು ಬಿಟ್ಟ ಮಾತ್ರಕ್ಕೆ ಅದು ಪೂರ್ಣವಾಗುವುದಿಲ್ಲ. ಹೊಟ್ಟೆಯನ್ನು ಬರಿದು ಮಾಡಿಕೊಂಡವನ ಹೃದಯದಲ್ಲಿ ನೆರೆಯವನ ಮೇಲಿನ ವೈರವು ತುಂಬಿಯೇ ಇದ್ದರೆ, ಆ ಉಪವಾಸಕ್ಕೆ ಲಂಘನವೆಂಬ ಹೆಸರು ಸಲ್ಲಬಹುದೇ ಹೊರತು ವ್ರತವೆಂಬ ಹೆಸರು ಸಲ್ಲದು. ದಶಲಕ್ಷಣ ಪರ್ವದ ಮೊದಲ ದಿನವೇ ಉತ್ತಮ ಕ್ಷಮೆಯನ್ನು ಆರಾಧಿಸಿ, ಪರ್ವದ ಕೊನೆಯಲ್ಲಿ ಕ್ಷಮಾವಣಿಯನ್ನು ಆಚರಿಸುವ ಶ್ರಾವಕ ಗೃಹಗಳಿಗೆ ಈ ಮಾತು ಹೊಸದಲ್ಲ. ಇದೇ ತಿಳಿವಳಿಕೆಯು ಕ್ರೈಸ್ತ ಧರ್ಮದಲ್ಲಿಯೂ ಆಳವಾಗಿ ಬೇರೂರಿದೆ ಎಂಬ ಸಂಗತಿ ಮಾತ್ರ ಅನೇಕರಿಗೆ ತಿಳಿದಿರಲಾರದು. ಅಲ್ಲಿ ಕ್ಷಮೆಯು ಯಾವ ಆಧಾರದ ಮೇಲೆ ನಿಂತಿದೆ, ಆಚರಣೆಯಲ್ಲಿ ಹೇಗೆ ಕಾಣಿಸಿಕೊಳ್ಳುತ್ತದೆ, ಯಾವ ಕಠಿಣ ಪ್ರಶ್ನೆಗಳನ್ನು ಎದುರಿಸಬೇಕಾಗುತ್ತದೆ ಎಂಬುದನ್ನು ವಿಚಾರ ಮಾಡುವುದು ವ್ರತನಿಷ್ಠರಾದ ಎಲ್ಲರಿಗೂ ಉಪಯುಕ್ತವಾದೀತು.

ಉಪವಾಸದ ಹೊಸ್ತಿಲಲ್ಲಿ ಕ್ಷಮೆ

ಹೊಸ ಒಡಂಬಡಿಕೆಯ ಮೊದಲನೆಯ ಗ್ರಂಥವಾದ ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಒಂದು ಕ್ರಮವಿದೆ. ಯೇಸುಕ್ರಿಸ್ತನು ಶಿಷ್ಯರಿಗೆ ಮೊದಲು ಪ್ರಾರ್ಥನೆಯನ್ನು ಕಲಿಸುತ್ತಾನೆ. ಪ್ರಾರ್ಥನೆ ಮುಗಿದೊಡನೆ, ಅದರಲ್ಲಿ ಬಂದ ಅನೇಕ ವಿಷಯಗಳ ಪೈಕಿ ಒಂದೇ ಒಂದನ್ನು ಎತ್ತಿಕೊಂಡು ಪುನಃ ಒತ್ತಿ ಹೇಳುತ್ತಾನೆ. ಅದೇ ಕ್ಷಮೆ. ಪರರ ತಪ್ಪನ್ನು ಕ್ಷಮಿಸದವನಿಗೆ ತನ್ನ ತಪ್ಪಿನ ಕ್ಷಮೆಯೂ ದೊರೆಯದು ಎಂಬುದು ಅದರ ತಾತ್ಪರ್ಯ. ಅದರ ಮರುಕ್ಷಣವೇ ಉಪವಾಸದ ವಿಧಿ ಬರುತ್ತದೆ. ಉಪವಾಸ ಮಾಡುವವನು ಬಾಡಿದ ಮುಖವನ್ನು ಜನರಿಗೆ ತೋರಿಸಬಾರದು. ತಲೆಗೆ ಎಣ್ಣೆ ಹಚ್ಚಿ, ಮುಖ ತೊಳೆದುಕೊಂಡು, ತನ್ನ ತಪವನ್ನು ಗುಟ್ಟಾಗಿಯೇ ಇಡಬೇಕು. ಹೀಗೆ ಪ್ರಾರ್ಥನೆ, ಕ್ಷಮೆ, ಉಪವಾಸ ಎಂಬ ಮೂರೂ ಒಂದರ ಪಕ್ಕದಲ್ಲಿ ಒಂದಾಗಿ ಕುಳಿತಿವೆ. ಉಪವಾಸಕ್ಕೆ ಹೋಗುವ ದಾರಿ ಕ್ಷಮೆಯ ಬಾಗಿಲಿನ ಮೂಲಕ ಸಾಗುತ್ತದೆ.

ಈ ಗ್ರಂಥಕ್ರಮವೇ ಪೂರ್ವದೇಶಗಳ ಆರ್ಥೊಡಾಕ್ಸ್ ಸಭೆಗಳಲ್ಲಿ ಒಂದು ಪರ್ವವಾಗಿ ರೂಪುಗೊಂಡಿದೆ. ಗ್ರೀಸ್, ರಷ್ಯಾ, ರುಮಾನಿಯ ಮುಂತಾದ ದೇಶಗಳ ಈ ಕ್ರೈಸ್ತರು ಈಸ್ಟರ್ ಹಬ್ಬಕ್ಕೆ ಮೊದಲು ದೀರ್ಘವಾದ ಉಪವಾಸಕಾಲವನ್ನು ಆಚರಿಸುತ್ತಾರೆ. ನಿಯಮವನ್ನು ಪೂರ್ಣವಾಗಿ ಪಾಲಿಸುವವರಿಗೆ ಆ ದಿನಗಳಲ್ಲಿ ಮಾಂಸವಷ್ಟೇ ಅಲ್ಲದೆ ಮೊಟ್ಟೆ, ಹಾಲು, ಬೆಣ್ಣೆಗಳೂ ವರ್ಜ್ಯ. ಈ ಉಪವಾಸವು ಆರಂಭವಾಗುವುದಕ್ಕೆ ಮುಂಚಿನ ಭಾನುವಾರಕ್ಕೆ ಕ್ಷಮೆಯ ಭಾನುವಾರವೆಂದೇ ಹೆಸರು. ಅಂದು ಓದುವುದು ಮತ್ತಾಯನ ಅದೇ ಆರನೆಯ ಅಧ್ಯಾಯದ ಭಾಗ. ಸಂಜೆಯ ಪೂಜೆಯ ಕೊನೆಯಲ್ಲಿ ಪಾದ್ರಿಯು ತಾನೇ ಮೊದಲು ಸಭೆಯ ಮುಂದೆ ಬಾಗಿ ಕ್ಷಮೆ ಯಾಚಿಸುತ್ತಾನೆ. ಬಳಿಕ ಸೇರಿದವರೆಲ್ಲರೂ ಒಬ್ಬರ ಮುಂದೊಬ್ಬರು ಬಾಗುತ್ತಾರೆ. ತಂದೆ ಮಗನಲ್ಲಿ, ಅತ್ತೆ ಸೊಸೆಯಲ್ಲಿ, ಒಡೆಯನು ಆಳಿನಲ್ಲಿ ಕ್ಷಮೆ ಬೇಡುತ್ತಾರೆ. ಕೇರಳದ ಮಲಂಕರ ಸಿರಿಯನ್ ಸಭೆಗಳಲ್ಲಿಯೂ ಐವತ್ತು ದಿನಗಳ ನೋಂಬಿನ ಮೊದಲನೆಯ ಸೋಮವಾರದಂದು ಇದೇ ಭಾವದ ವಿಧಿಯೊಂದು ನಡೆಯುತ್ತದೆ. ಸಿರಿಯಕ್ ಭಾಷೆಯಲ್ಲಿ ಅದಕ್ಕೆ ಶುಬ್ಕೋನೋ ಎಂದು ಹೆಸರು. ಜೈನರಲ್ಲಿ ಪರ್ವದ ಉಪವಾಸಗಳು ಮುಗಿದ ಮೇಲೆ ಕ್ಷಮಾಯಾಚನೆ ನಡೆದರೆ, ಇವರಲ್ಲಿ ಕ್ಷಮಾಯಾಚನೆಯಿಂದಲೇ ಉಪವಾಸದ ಆರಂಭ. ಕಾಲ ಬೇರೆಯಾದರೂ ವೈರದೊಡನೆ ವ್ರತವು ಕೂಡಿ ಬಾಳಲಾರದು ಎಂಬ ಅರಿವು ಎರಡೂ ಕಡೆ ಒಂದೇ.

ಸಾಲದ ದೃಷ್ಟಾಂತ

ಕ್ರೈಸ್ತರ ಕ್ಷಮೆಯ ತಳಹದಿಯನ್ನು ತಿಳಿಯಬೇಕಾದರೆ ಮತ್ತಾಯನ ಹದಿನೆಂಟನೆಯ ಅಧ್ಯಾಯದಲ್ಲಿ ಬರುವ ಸಾಲಗಾರ ಸೇವಕನ ದೃಷ್ಟಾಂತವನ್ನು ನೋಡಬೇಕು. ಶಿಷ್ಯನಾದ ಪೇತ್ರನು, ತಪ್ಪು ಮಾಡಿದ ಸಹೋದರನನ್ನು ಎಷ್ಟು ಸಲ ಕ್ಷಮಿಸಬೇಕು, ಏಳು ಸಲ ಸಾಕೇ ಎಂದು ಕೇಳುತ್ತಾನೆ. ಗುರುವು ಏಳನ್ನು ಎಪ್ಪತ್ತರೊಡನೆ ಗುಣಿಸಿ, ಲೆಕ್ಕವಿಡುವ ಯೋಚನೆಯನ್ನೇ ಬಿಡಿಸುತ್ತಾನೆ. ಅನಂತರ ಕಥೆ ಹೇಳುತ್ತಾನೆ. ಒಬ್ಬ ಅರಸನಿಗೆ ಅವನ ಸೇವಕನು 10,000 ತಲಾಂತು ಸಾಲ ತೀರಿಸಬೇಕಾಗಿತ್ತು. ಸೇವಕನು ಕಾಲಿಗೆ ಬಿದ್ದು ಕಾಲಾವಕಾಶ ಬೇಡಿದಾಗ ಅರಸನು ಮರುಗಿ ಇಡೀ ಸಾಲವನ್ನೇ ಬಿಟ್ಟುಕೊಟ್ಟನು. ಅದೇ ಸೇವಕನು ಹೊರಗೆ ಬಂದು, ತನಗೆ 100 ದಿನಾರಿ ಕೊಡಬೇಕಾಗಿದ್ದ ಜೊತೆಯ ಸೇವಕನ ಕುತ್ತಿಗೆಯನ್ನು ಹಿಸುಕಿ, ಅವನನ್ನು ಸೆರೆಮನೆಗೆ ಹಾಕಿಸಿದನು. ಇದು ತಿಳಿದ ಅರಸನು ತನ್ನ ಕ್ಷಮೆಯನ್ನು ಹಿಂತೆಗೆದುಕೊಂಡನು.

ಈ ಎರಡು ಸಾಲಗಳ ಪ್ರಮಾಣವನ್ನು ಲೆಕ್ಕ ಹಾಕಿದರೆ ದೃಷ್ಟಾಂತದ ಮರ್ಮ ತೆರೆದುಕೊಳ್ಳುತ್ತದೆ. ಒಂದು ದಿನಾರಿಯೆಂದರೆ ಅಂದಿನ ಕೂಲಿಯಾಳಿನ ಒಂದು ದಿನದ ಸಂಪಾದನೆ. ಒಂದು ತಲಾಂತು ಸುಮಾರು 6,000 ದಿನಾರಿಗಳಿಗೆ ಸಮ. ಹಾಗಾದರೆ ಮೊದಲನೆಯ ಸಾಲವು 6 ಕೋಟಿ ದಿನಗಳ ಕೂಲಿಯಾಯಿತು. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು 2 ಲಕ್ಷ ವರ್ಷಗಳು ಬೇಕು. ಎರಡನೆಯ ಸಾಲವು ಅದರ 6 ಲಕ್ಷದಲ್ಲಿ ಒಂದು ಪಾಲು. ಹೀಗಿದ್ದರೂ ಆ 100 ದಿನಾರಿಗಳನ್ನು ಕಥೆಯು ಅಲ್ಪವೆಂದು ಹಳಿಯುವುದಿಲ್ಲ. ನೂರು ದಿನಗಳ ಕೂಲಿಯೆಂದರೆ ಬಡಕುಟುಂಬದ ಮೂರು ತಿಂಗಳಿಗೂ ಮೀರಿದ ಅನ್ನ. ಪರರು ಮಾಡಿದ ಅನ್ಯಾಯವು ನಿಜವಾದುದು, ಅದರ ನೋವೂ ನಿಜವಾದುದು ಎಂಬುದನ್ನು ದೃಷ್ಟಾಂತವು ಒಪ್ಪಿಕೊಂಡೇ ಮುಂದೆ ಹೋಗುತ್ತದೆ. ತಾನು ತೀರಿಸಲಾಗದ ಋಣದಿಂದ ಬಿಡುಗಡೆ ಹೊಂದಿದವನು, ತೀರಿಸಬಹುದಾದ ಋಣಕ್ಕಾಗಿ ಮತ್ತೊಬ್ಬನ ಕುತ್ತಿಗೆ ಹಿಡಿಯುವುದು ಹೇಗೆ ಎಂಬುದೇ ಅದರ ಪ್ರಶ್ನೆ.

ಮತ್ತಾಯನ ಗ್ರೀಕ್ ಪಾಠದಲ್ಲಿ ಪ್ರಾರ್ಥನೆಯ ಆ ಭಾಗಕ್ಕೆ ಸಾಲವೆಂಬ ಅರ್ಥದ ಶಬ್ದವೇ ಇದೆ; ಕ್ಷಮಿಸು ಎಂಬ ಕ್ರಿಯಾಪದಕ್ಕೆ ಬಿಟ್ಟುಬಿಡು, ಕಳುಹಿಸಿಬಿಡು ಎಂಬ ಅರ್ಥವಿದೆ. ಆದುದರಿಂದ ಕ್ರೈಸ್ತನು ಕ್ಷಮಿಸುವಾಗ ಉನ್ನತ ಪೀಠದಲ್ಲಿ ಕುಳಿತು ದಾನ ಮಾಡುವುದಿಲ್ಲ. ಋಣಿಯಾದವನೊಬ್ಬನು ಮತ್ತೊಬ್ಬ ಋಣಿಯ ಕೈಯನ್ನು ಬಿಡುತ್ತಾನೆ, ಅಷ್ಟೇ. ಇಲ್ಲಿ ಎರಡು ದರ್ಶನಗಳ ಭೇದವನ್ನು ಮರೆಮಾಚಬೇಕಾಗಿಲ್ಲ. ಜೈನದರ್ಶನದಲ್ಲಿ ಕರ್ಮಫಲವನ್ನು ಮನ್ನಾ ಮಾಡುವ ಈಶ್ವರನಿಲ್ಲ. ಕ್ಷಮೆಯು ಆತ್ಮನ ಸ್ವಭಾವ, ಕ್ರೋಧಕಷಾಯವು ಅದನ್ನು ಮುಸುಕುವ ವಿಭಾವ. ಕ್ರೈಸ್ತ ದರ್ಶನದಲ್ಲಿ ಕ್ಷಮೆಯ ಬುಗ್ಗೆ ದೇವರ ಕರುಣೆ. ಮನುಷ್ಯನು ಅದನ್ನು ಮುಂದಕ್ಕೆ ಹರಿಯಗೊಡುವ ಕಾಲುವೆ ಮಾತ್ರ. ಕಾಲುವೆಯನ್ನು ಮುಚ್ಚಿದವನ ಹೊಲಕ್ಕೂ ನೀರು ಬಾರದು. ದರ್ಶನದಲ್ಲಿ ಹೀಗೆ ಅಂತರವಿದ್ದರೂ, ವೈರವನ್ನು ಹಿಡಿದಿಟ್ಟುಕೊಂಡವನು ಮೊದಲು ಕೆಡಿಸಿಕೊಳ್ಳುವುದು ತನ್ನನ್ನೇ ಎಂಬಲ್ಲಿ ಎರಡೂ ಒಂದಾಗುತ್ತವೆ.

ಆಜ್ಞೆಯಿಂದ ಕ್ಷಮೆ ಹುಟ್ಟೀತೇ?

ಇಲ್ಲಿ ಮೊದಲನೆಯ ಕಠಿಣ ಪ್ರಶ್ನೆ ಏಳುತ್ತದೆ. ಕ್ಷಮೆಯು ಹೃದಯದ ಧರ್ಮ. ಅದನ್ನು ಆಜ್ಞಾಪಿಸಿ ಹುಟ್ಟಿಸಬಹುದೇ? ಮನಸ್ಸಿನಲ್ಲಿ ಕೋಪ ಕುದಿಯುತ್ತಿರುವಾಗ ಬಾಯಿಯಿಂದ ಕ್ಷಮಿಸಿದೆನೆನ್ನುವುದು ಮಾಯಾಚಾರವಾಗದೇ?

ಇದಕ್ಕೆ ಉತ್ತರವನ್ನು ಹಾಲೆಂಡಿನ ಕೋರಿ ಟೆನ್ ಬೂಮ್ ಎಂಬ ಮಹಿಳೆಯ ಜೀವನದಲ್ಲಿ ಕಾಣಬಹುದು. ಹಾರ್ಲೆಮ್ ನಗರದಲ್ಲಿ ಗಡಿಯಾರದ ಕೆಲಸ ಮಾಡುತ್ತಿದ್ದ ಈಕೆಯ ಕುಟುಂಬವು ಎರಡನೆಯ ಮಹಾಯುದ್ಧದಲ್ಲಿ ಯೆಹೂದ್ಯರನ್ನು ಮನೆಯಲ್ಲಿ ಅಡಗಿಸಿ ರಕ್ಷಿಸಿತು. 1944ರ ಫೆಬ್ರವರಿಯಲ್ಲಿ ಅವರೆಲ್ಲ ಬಂಧಿತರಾದರು. ವೃದ್ಧ ತಂದೆ ಹತ್ತು ದಿನಗಳಲ್ಲಿ ಸೆರೆಯಲ್ಲಿಯೇ ತೀರಿಕೊಂಡರು. ಅಕ್ಕ ಬೆಟ್ಸಿ ಅದೇ ವರ್ಷದ ಡಿಸೆಂಬರಿನಲ್ಲಿ ರಾವೆನ್ಸ್‌ಬ್ರುಕ್ ಶಿಬಿರದಲ್ಲಿ ಪ್ರಾಣ ಬಿಟ್ಟಳು. ಕೋರಿ ಬದುಕಿ ಬಂದಳು. ಯುದ್ಧಾನಂತರ 1947ರಲ್ಲಿ ಆಕೆ ಜರ್ಮನಿಯ ಮ್ಯೂನಿಕ್ ನಗರದ ಒಂದು ಚರ್ಚಿನಲ್ಲಿ ಕ್ಷಮೆಯನ್ನೇ ಕುರಿತು ಉಪನ್ಯಾಸ ಮಾಡಿದಳು. ಮುಗಿದ ಮೇಲೆ ಒಬ್ಬನು ಬಳಿಗೆ ಬಂದು ಕೈ ಚಾಚಿದನು. ಅವನು ಅದೇ ಶಿಬಿರದ ಕಾವಲುಗಾರನಾಗಿದ್ದವನು. ಈಗ ಕ್ರೈಸ್ತನಾಗಿದ್ದ ಅವನು ಆಕೆಯ ಬಾಯಿಂದ ಕ್ಷಮೆಯ ಮಾತನ್ನು ಬೇಡಿದನು.

ಕ್ಷಮೆಯನ್ನು ಬೋಧಿಸಿ ಇನ್ನೂ ಕೆಲವೇ ನಿಮಿಷಗಳಾಗಿದ್ದ ಆಕೆಯ ಕೈ ಮೇಲೇಳಲಿಲ್ಲ. ಕೋರಿ ತಾನೇ ಬರೆದು ತಿಳಿಸಿರುವಂತೆ, ಆ ಕ್ಷಣದಲ್ಲಿ ಹೃದಯದಲ್ಲಿ ಚಳಿಯ ಹೊರತು ಮತ್ತೇನೂ ಇರಲಿಲ್ಲ. ಭಾವನೆಯನ್ನು ತರುವುದು ತನ್ನಿಂದಾಗದು, ಕೈಯನ್ನು ಎತ್ತುವಷ್ಟು ಮಾತ್ರ ತನ್ನಿಂದಾದೀತು ಎಂದು ನಿಶ್ಚಯಿಸಿ, ದೇವರ ನೆರವನ್ನು ಬೇಡಿ, ಯಂತ್ರದಂತೆ ಕೈ ಚಾಚಿದಳು. ಕೈ ಕೈಯನ್ನು ಸೇರಿದ ಮೇಲೆ ಹೃದಯವು ಕರಗಿತು.

ವ್ರತದ ಸ್ವರೂಪವನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗಬೇಕು. ಉಪವಾಸದ ಪ್ರತ್ಯಾಖ್ಯಾನವನ್ನು ಕೈಗೊಂಡವನಿಗೆ ಮಧ್ಯಾಹ್ನ ಹಸಿವಾಗುವುದಿಲ್ಲವೇ? ಹಸಿವಾದ ಮಾತ್ರಕ್ಕೆ ಅವನ ವ್ರತವು ಸುಳ್ಳಾಗುವುದಿಲ್ಲ. ಹಸಿವನ್ನು ಇಲ್ಲವೆನ್ನದೆ, ಅದರ ಆಜ್ಞೆಗೆ ಒಳಗಾಗದೆ ಇರುವುದೇ ಸಂಯಮ. ಹಾಗೆಯೇ ಕ್ಷಮೆಯ ಸಂಕಲ್ಪ ಮಾಡಿದವನಿಗೆ ಕೋಪವು ಪುನಃ ಪುನಃ ಏಳಬಹುದು. ಅದರ ಮಾತಿನಂತೆ ನಡೆಯದಿರುವುದೇ ಆತನ ಸಾಧನೆ. ಏಳೆಪ್ಪತ್ತು ಸಲದ ಲೆಕ್ಕಕ್ಕೆ ಹೀಗೂ ಒಂದು ಅರ್ಥ ಹೊಂದುತ್ತದೆ: ಎಪ್ಪತ್ತು ತಪ್ಪುಗಳನ್ನೇ ಕ್ಷಮಿಸಬೇಕೆಂದಿಲ್ಲ, ಒಂದೇ ತಪ್ಪಿನ ನೆನಪು ಎಪ್ಪತ್ತು ಸಲ ಬಂದರೆ ಎಪ್ಪತ್ತು ಸಲವೂ ಕ್ಷಮಿಸಬೇಕಾದೀತು.

ಒಂದು ಸಮುದಾಯದ ಅಭ್ಯಾಸ

ವ್ಯಕ್ತಿಯೊಬ್ಬಳ ಸಾಧನೆಯು ಅಪವಾದವೆಂದು ತೋರಿದರೆ, ಇಡೀ ಸಮುದಾಯವೇ ಹೀಗೆ ನಡೆದುಕೊಂಡ ಉದಾಹರಣೆಯುಂಟು. ಅಮೆರಿಕೆಯ ಪೆನ್ಸಿಲ್ವೇನಿಯ ರಾಜ್ಯದ ಲ್ಯಾಂಕಾಸ್ಟರ್ ಪ್ರಾಂತದಲ್ಲಿ ಅಮಿಶ್ ಎಂಬ ಪಂಗಡದ ಕ್ರೈಸ್ತ ರೈತರು ವಾಸಿಸುತ್ತಾರೆ. 1693ರ ಸುಮಾರಿಗೆ ಯೂರೋಪಿನಲ್ಲಿ ಯಾಕೋಬ್ ಅಮ್ಮನ್ ಎಂಬವನ ನೇತೃತ್ವದಲ್ಲಿ ಬೇರೆಯಾದ ಈ ಪಂಗಡದವರು ಮೋಟಾರು ಕೊಳ್ಳದೆ ಕುದುರೆಗಾಡಿಯಲ್ಲಿ ಸಂಚರಿಸುವರು, ಸೈನ್ಯಕ್ಕೆ ಸೇರರು, ಹಿಂಸೆಗೆ ಪ್ರತಿಹಿಂಸೆ ಮಾಡರು. ಇವರ ಪೂರ್ವಪರಂಪರೆಯ ಡಿರ್ಕ್ ವಿಲೆಮ್ಸ್ ಎಂಬವನು 1569ರಲ್ಲಿ, ತನ್ನನ್ನು ಹಿಡಿಯಲು ಬೆನ್ನಟ್ಟಿ ಬಂದವನು ಮಂಜಿನ ಪದರ ಒಡೆದು ನೀರಿಗೆ ಬಿದ್ದಾಗ, ಹಿಂತಿರುಗಿ ಅವನನ್ನು ಮೇಲೆತ್ತಿ, ಅದರಿಂದಲೇ ಸೆರೆಸಿಕ್ಕು ಸುಡಲ್ಪಟ್ಟನು. ಈ ಪರಂಪರೆಯವರು ಇಂದಿಗೂ ಆ ಕಥೆಯನ್ನು ಮರೆತಿಲ್ಲ.

2006ರ ಅಕ್ಟೋಬರ್ 2ರಂದು ಆ ಪ್ರಾಂತದ ನಿಕಲ್ ಮೈನ್ಸ್ ಎಂಬಲ್ಲಿಯ ಒಂದೇ ಕೊಠಡಿಯ ಅಮಿಶ್ ಶಾಲೆಗೆ, ಅಮಿಶ್ ಪಂಗಡಕ್ಕೆ ಸೇರದ ನೆರೆಹೊರೆಯವನೇ ಆದ ಒಬ್ಬ ಹಾಲಿನ ಲಾರಿಯ ಚಾಲಕನು ಬಂದೂಕು ಹಿಡಿದು ನುಗ್ಗಿದನು. ಹುಡುಗರನ್ನು ಹೊರಗೆ ಕಳುಹಿಸಿ, ಹತ್ತು ಮಂದಿ ಹುಡುಗಿಯರ ಮೇಲೆ ಗುಂಡು ಹಾರಿಸಿ, ತಾನೂ ಗುಂಡಿಟ್ಟುಕೊಂಡು ಸತ್ತನು. ಐವರು ಬಾಲಿಕೆಯರು ಅಸುನೀಗಿದರು. ಅದೇ ದಿನ ಸಂಜೆಯೊಳಗೆ ಅಮಿಶ್ ಹಿರಿಯರು ಹಂತಕನ ಮನೆಯವರನ್ನು ಹುಡುಕಿಕೊಂಡು ಹೋಗಿ, ನಿಮ್ಮ ಮೇಲೆ ನಮಗೆ ದ್ವೇಷವಿಲ್ಲವೆಂದು ತಿಳಿಸಿದರು. ಹಂತಕನ ಶವಸಂಸ್ಕಾರಕ್ಕೆ ಸೇರಿದವರಲ್ಲಿ ಸುಮಾರು ಅರ್ಧದಷ್ಟು ಜನರು ಅಮಿಶರೇ ಆಗಿದ್ದರು. ಮಕ್ಕಳನ್ನು ಮಣ್ಣು ಮಾಡಿ ಬಂದ ತಂದೆತಾಯಿಗಳೂ ಅವರಲ್ಲಿದ್ದರು. ಅವನ ವಿಧವೆಗೂ ಮಕ್ಕಳಿಗೂ ನೆರವಿನ ಹಣ ಸಲ್ಲುವಂತೆ ನೋಡಿಕೊಂಡರು. ರಕ್ತ ಚೆಲ್ಲಿದ ಶಾಲೆಯನ್ನು ಕೆಡವಿ, ಆರು ತಿಂಗಳ ನಂತರ ಬೇರೆಡೆ ಹೊಸ ಶಾಲೆಯನ್ನು ತೆರೆದರು. ಹಂತಕನ ತಾಯಿಯು ಮುಂದೆ ವರ್ಷಗಳ ಕಾಲ, ಆ ದಿನ ತೀವ್ರವಾಗಿ ಗಾಯಗೊಂಡು ಮಾತು ನಡಿಗೆಗಳನ್ನು ಕಳೆದುಕೊಂಡ ಹುಡುಗಿಯ ಮನೆಗೆ ಹೋಗಿ ಅವಳ ಆರೈಕೆ ಮಾಡುತ್ತಿದ್ದಳು. ಹುಡುಗಿಯ ತಂದೆತಾಯಿಗಳು ಬಾಗಿಲು ತೆರೆದು ಆಕೆಯನ್ನು ಬರಮಾಡಿಕೊಳ್ಳುತ್ತಿದ್ದರು.

ಇಂಥ ಕ್ಷಮೆಯು ಒಂದು ದಿನದಲ್ಲಿ ಹುಟ್ಟಿದುದಲ್ಲ. ಅಮಿಶರು ವರ್ಷಕ್ಕೆ ಎರಡು ಬಾರಿ, ವಸಂತದಲ್ಲಿ ಮತ್ತು ಶರತ್ಕಾಲದಲ್ಲಿ, ಪ್ರಭುಭೋಜನವೆಂಬ ಪವಿತ್ರ ಸಂಸ್ಕಾರವನ್ನು ಆಚರಿಸುತ್ತಾರೆ. ಅದಕ್ಕೆ ಮೊದಲು ಸಭೆಯವರೆಲ್ಲ ಕೂಡಿ ಪರಸ್ಪರ ಮನಸ್ತಾಪಗಳನ್ನು ಪರಿಹರಿಸಿಕೊಳ್ಳುವ ಪರಾಮರ್ಶೆಯ ಕೂಟವಿರುತ್ತದೆ. ಒಂದು ದಿನದ ಉಪವಾಸವೂ ಇರುತ್ತದೆ. ಕಲಹವು ಪರಿಹಾರವಾಗದಿದ್ದರೆ ಸಂಸ್ಕಾರವನ್ನೇ ಮುಂದಕ್ಕೆ ಹಾಕುವುದುಂಟು. ಬೇಲಿಯ ಜಗಳ, ಹಣದ ವ್ಯವಹಾರ, ಕಟುವಾದ ಒಂದು ಮಾತು, ಇಂಥ ಸಣ್ಣವುಗಳನ್ನು ಬಿಟ್ಟುಕೊಡುವ ಅಭ್ಯಾಸವು ತಲೆಮಾರುಗಳಿಂದ ನಡೆದು ಬಂದುದರಿಂದಲೇ ಮಹಾವಿಪತ್ತಿನ ದಿನ ಅವರ ಕಾಲುಗಳು ತಾವಾಗಿ ಹಂತಕನ ಮನೆಯ ಕಡೆಗೆ ನಡೆದವು. ಅಣುವ್ರತಗಳ ಅಭ್ಯಾಸವಿಲ್ಲದವನಿಗೆ ಮಹಾವ್ರತವು ಒಮ್ಮೆಲೇ ಬಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಆ ಬಳಿಕವೂ ಅವರ ಕಣ್ಣೀರು ನಿಲ್ಲಲಿಲ್ಲ; ಕ್ಷಮೆಯನ್ನು ದಿನದಿನವೂ ಹೊಸದಾಗಿ ಕೈಗೊಳ್ಳಬೇಕಾಯಿತೆಂದು ಅವರೇ ಒಪ್ಪಿಕೊಂಡಿದ್ದಾರೆ.

ಕ್ಷಮೆಯೂ ನ್ಯಾಯವೂ

ಇಷ್ಟು ಶೀಘ್ರವಾಗಿ ಕ್ಷಮಿಸುವುದು ದುಷ್ಟತನವನ್ನು ಹಗುರವಾಗಿ ಕಂಡಂತಲ್ಲವೇ ಎಂದು ಆಗ ಅಮೆರಿಕೆಯ ಪತ್ರಿಕೆಗಳಲ್ಲಿ ಕೆಲವರು ಆಕ್ಷೇಪಿಸಿದರು. ಆಕ್ಷೇಪವು ತಳ್ಳಿಹಾಕುವಂಥದಲ್ಲ. ಕ್ಷಮೆಯ ಹೆಸರಿನಲ್ಲಿ ಅನ್ಯಾಯವನ್ನು ಮುಚ್ಚುವುದಾದರೆ ಬಲಹೀನರಿಗೆ ರಕ್ಷಣೆಯೆಲ್ಲಿ?

ಇದಕ್ಕೆ ಸಮಾಧಾನವು ಮತ್ತಾಯನ ಅದೇ ಹದಿನೆಂಟನೆಯ ಅಧ್ಯಾಯದಲ್ಲಿದೆ. ಪೇತ್ರನ ಪ್ರಶ್ನೆಗೆ ಮೊದಲೇ ಅಲ್ಲಿ ಮತ್ತೊಂದು ವಿಧಿ ಬರುತ್ತದೆ. ತಪ್ಪು ಮಾಡಿದವನಿಗೆ ಮೊದಲು ಏಕಾಂತದಲ್ಲಿ ತಪ್ಪನ್ನು ತಿಳಿಸಬೇಕು. ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳೊಡನೆ ತಿಳಿಸಬೇಕು. ಆಗಲೂ ಕೇಳದಿದ್ದರೆ ಸಭೆಯ ಮುಂದೆ ಇಡಬೇಕು. ಹೀಗೆ ತಪ್ಪನ್ನು ತಪ್ಪೆಂದು ಬಾಯಿಬಿಟ್ಟು ಹೇಳುವ ಧೈರ್ಯವೂ ಎಣಿಕೆಯಿಲ್ಲದ ಕ್ಷಮೆಯೂ ಒಂದೇ ಅಧ್ಯಾಯದಲ್ಲಿ ಜೊತೆಯಾಗಿವೆ.

ಭಾರತದಲ್ಲಿಯೇ ಇದಕ್ಕೆ ನಿದರ್ಶನವಿದೆ. ಒರಿಸ್ಸಾದ ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಆಸ್ಟ್ರೇಲಿಯದ ಗ್ರಹಾಂ ಸ್ಟೇನ್ಸ್ ಅವರನ್ನೂ ಅವರ ಇಬ್ಬರು ಬಾಲಕರಾದ ಫಿಲಿಪ್ ಮತ್ತು ತಿಮೊಥಿಯವರನ್ನೂ 1999ರ ಜನವರಿ 22ರ ರಾತ್ರಿ, ಕೆಯೋಂಝರ್ ಜಿಲ್ಲೆಯ ಮನೋಹರಪುರದಲ್ಲಿ, ವಾಹನದಲ್ಲಿ ಮಲಗಿದ್ದಾಗ ಗುಂಪೊಂದು ಸುಟ್ಟು ಕೊಂದಿತು. ಪತ್ನಿ ಗ್ಲಾಡಿಸ್ ಸ್ಟೇನ್ಸ್ ಅವರು ಹಂತಕರನ್ನು ಕ್ಷಮಿಸಿರುವುದಾಗಿ ಸಾರಿದರು. ಮಗಳೊಡನೆ ಸ್ವದೇಶಕ್ಕೆ ಹಿಂತಿರುಗುವ ದಾರಿ ತೆರೆದಿದ್ದರೂ 2004ರವರೆಗೆ ಬಾರಿಪದದಲ್ಲಿಯೇ ನಿಂತು ಅದೇ ರೋಗಿಗಳ ಸೇವೆಯನ್ನು ಮುಂದುವರಿಸಿದರು. 2005ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿತು. ಆದರೆ ಕ್ಷಮೆಯ ಮಾತನಾಡಿದ ಅವರು ನ್ಯಾಯಾಲಯದ ಕೆಲಸವನ್ನು ತಡೆಯಲಿಲ್ಲ. ಕ್ಷಮೆ ಬೇರೆ, ಅಪರಾಧದ ಪರಿಣಾಮ ಬೇರೆ ಎಂಬ ವಿವೇಕವನ್ನು ಅವರು ಕಾಯ್ದುಕೊಂಡರು. ಮುಖ್ಯ ಅಪರಾಧಿಗೆ 2003ರಲ್ಲಿ ವಿಧಿಸಿದ ಮರಣದಂಡನೆಯನ್ನು ಉಚ್ಚ ನ್ಯಾಯಾಲಯವು 2005ರಲ್ಲಿ ಜೀವಾವಧಿ ಸೆರೆಗೆ ಇಳಿಸಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನೇ ಎತ್ತಿಹಿಡಿಯಿತು. ದಂಡಿಸುವುದು ರಾಜ್ಯದ ಧರ್ಮ, ದ್ವೇಷವನ್ನು ಬಿಡುವುದು ನೊಂದವರ ಧರ್ಮ. ಒಂದು ಮತ್ತೊಂದರ ಸ್ಥಾನವನ್ನು ಆಕ್ರಮಿಸಬೇಕಾಗಿಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ ಉಳಿದಿದೆ. ಕ್ಷಮಿಸೆಂದು ತನಗೆ ತಾನೇ ಹೇಳಿಕೊಳ್ಳುವುದು ಧರ್ಮ. ನೊಂದ ಮತ್ತೊಬ್ಬರನ್ನು ಕ್ಷಮಿಸೆಂದು ಒತ್ತಾಯಿಸುವುದು ಅನೇಕ ವೇಳೆ ಅಧರ್ಮವಾಗುತ್ತದೆ. ಮನೆಯೊಳಗೇ ಹಿಂಸೆಗೊಳಗಾದ ಸ್ತ್ರೀಯರನ್ನೂ ಮಕ್ಕಳನ್ನೂ, ಕ್ಷಮೆ ದೇವರ ಆಜ್ಞೆಯೆಂಬ ನೆವದಿಂದ ಸುಮ್ಮನಿರಿಸಿದ ಪ್ರಸಂಗಗಳು ಕ್ರೈಸ್ತ ಸಭೆಗಳಲ್ಲಿ ನಡೆದಿವೆ. ಅಮಿಶರ ನಡುವೆಯೂ ಇಂಥ ದೂರುಗಳು ಕೇಳಿಬಂದಿವೆ. ಅಲ್ಲಿ ಆಜ್ಞೆಯು ಅಪರಾಧಿಯ ಕೈಯ ಗುರಾಣಿಯಾಯಿತು. ಬೇರೆ ಧರ್ಮದವರು ಇದನ್ನು ಕಂಡು ಬೆರಳು ತೋರಿಸುವ ಮೊದಲು ತಮ್ಮ ಮನೆಗಳನ್ನೂ ನೋಡಿಕೊಳ್ಳುವುದು ಮೇಲು. ಕ್ಷಮಾವಣಿಯ ದಿನ ದೂರದ ನೆಂಟರಿಗೆಲ್ಲ ಕಾಗದ ಬರೆದು, ಗೋಡೆಯಾಚೆಯ ಅಣ್ಣನ ಮನೆಗೆ ಹೋಗದೆ ಉಳಿಯುವವರು ಎಲ್ಲ ಊರುಗಳಲ್ಲಿಯೂ ಉಂಟು. ಕಿರಿಯ ಸೊಸೆಯಿಂದ ಕ್ಷಮೆ ಕೇಳಿಸಿ, ತಪ್ಪು ಮಾಡಿದ ಹಿರಿಯರು ಕುಳಿತಲ್ಲಿಂದ ಏಳದಿರುವುದೂ ಉಂಟು. ಮತ್ತೊಬ್ಬರ ಬಲಾತ್ಕಾರದಿಂದ ಕೈಗೊಂಡ ಉಪವಾಸವು ಹೇಗೆ ವ್ರತವಲ್ಲವೋ, ಹಾಗೆಯೇ ಬಲಾತ್ಕಾರದಿಂದ ಕೊಡಿಸಿದ ಕ್ಷಮೆಯೂ ಕ್ಷಮೆಯಲ್ಲ.

ಯೇಸುಕ್ರಿಸ್ತನ ಮತ್ತೊಂದು ಬೋಧೆಯು ಈ ವಿಚಾರಕ್ಕೆಲ್ಲ ಕಲಶವಿಟ್ಟಂತಿದೆ. ಬಲಿಪೀಠದ ಬಳಿಗೆ ಕಾಣಿಕೆ ತಂದವನಿಗೆ, ತನ್ನ ಮೇಲೆ ಸಹೋದರನಿಗೆ ಮನಸ್ತಾಪವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೊಂಡು ಬರಬೇಕೆಂದು ವಿಧಿಸಲಾಗಿದೆ. ತಾನು ನೊಂದಿದ್ದರೆ ಎಂದು ಅಲ್ಲಿ ಹೇಳಿಲ್ಲ. ತನ್ನಿಂದ ಇನ್ನೊಬ್ಬನು ನೊಂದಿದ್ದರೆ ಎಂದಿದೆ. ಕ್ಷಮಿಸಲು ಕಾಯುವವನಿಗಿಂತ ಕ್ಷಮೆ ಬೇಡಲು ಎದ್ದು ಹೋಗುವವನ ಹೆಜ್ಜೆ ಮೊದಲಿನದು. ದೇವರ ಪೂಜೆಯೇ ಆ ಹೆಜ್ಜೆಗಾಗಿ ಕಾಯುತ್ತಿರಬಹುದೆಂದು ಕ್ರೈಸ್ತರು ನಂಬುತ್ತಾರೆ. ಪಾರಣೆಯ ತಟ್ಟೆಯೂ ಅಷ್ಟು ಹೊತ್ತು ಕಾದರೆ ಅದರಿಂದ ವ್ರತಕ್ಕೆ ಕುಂದೇನೂ ಬಾರದು. ಅದು ಪೂರ್ಣವಾಗುವುದೇ ಹಾಗೆ.